ಬಾವಿಕಟ್ಟೆಯ ಮೋಟಾರು: ವಿದ್ಯುತ್ ಯಂತ್ರ ಮತ್ತು ಅರೆವಾಹಕ ಸ್ವಿಚ್ಚುಗಳ ಕಾರ್ಯವಿಧಾನ

ನೀರೆತ್ತುವ ಸಾಧನಗಳ ವಿವರಣೆಗೆ ಜಾನಪದ ಅಧ್ಯಯನದಲ್ಲಿ ಒಂದು ನಿಶ್ಚಿತ ಸ್ಥಾನ ದೊರೆತಿದೆ. ಏತ, ಕಪಿಲೆ, ರಾಟೆಗಳ ಅಂಗಾಂಗಗಳನ್ನೂ ಕಪಿಲೆ ಹೊಡೆಯುವಾಗಿನ ಪದಗಳನ್ನೂ ಸಂಗ್ರಹಿಸಿ ವಿಶ್ಲೇಷಿಸುವ ಕೆಲಸ ತಕ್ಕಮಟ್ಟಿಗೆ ನಡೆದಿದೆ. ಆದರೆ ಇವೆಲ್ಲವನ್ನೂ ಬಾವಿಕಟ್ಟೆಯಿಂದ ಇಳಿಸಿ ತಾನೇ ನೆಲೆಯೂರಿದ ವಿದ್ಯುತ್ ಮೋಟಾರು ಮಾತ್ರ ಈ ಅಧ್ಯಯನದ ಹೊರಗೇ ಉಳಿದಿದೆ. ಅದು ಕಾರ್ಖಾನೆಯಿಂದ ಬಂದ ವಸ್ತು, ಆದುದರಿಂದ ಜನಪದರದಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಈ ಭಾವನೆ ಸರಿಯಲ್ಲ. ಮೋಟಾರಿನ ಸುತ್ತ ಇಂದು ತನ್ನದೇ ಶಬ್ದಭಂಡಾರವಿದೆ, ತನ್ನದೇ ಪರಿಣತರಿದ್ದಾರೆ, ಸರಿ ತಪ್ಪುಗಳೆರಡೂ ಬೆರೆತ ತಿಳಿವಳಿಕೆಯೊಂದು ಬಾಯಿಂದ ಬಾಯಿಗೆ ಹರಿದುಬಂದಿದೆ. ಅದನ್ನು ಅಳೆಯಬೇಕಾದರೆ ಯಂತ್ರ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಮೋಟಾರು ತಿರುಗುವ ಬಗೆಯನ್ನೂ, ಈಚಿನ ದಶಕಗಳಲ್ಲಿ ತಂತಿಗೂ ಮೋಟಾರಿಗೂ ನಡುವೆ ಬಂದು ನಿಂತಿರುವ ಅರೆವಾಹಕ ಸ್ವಿಚ್ಚುಗಳ ಬಗೆಯನ್ನೂ ಬಾವಿಕಟ್ಟೆಯ ಅನುಭವದ ಬೆಳಕಿನಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುತ್ತದೆ ಎಂಬುದನ್ನು ಡೆನ್ಮಾರ್ಕಿನ ಅರ್‍ಸ್ಟೆಡ್ 1820ರಲ್ಲಿ ಕಂಡುಕೊಂಡನು. ಮರುವರ್ಷವೇ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಅಂತಹ ತಂತಿಯೊಂದು ಆಯಸ್ಕಾಂತದ ಸುತ್ತ ನಿರಂತರ ತಿರುಗುವಂತೆ ಮಾಡಿ ತೋರಿಸಿದನು. ಇಂದಿನ ಪಂಪ್‌ಸೆಟ್ಟಿನ ನೇರ ಪೂರ್ವಜನಾದ ಪ್ರೇರಣ ಮೋಟಾರು ಬಂದದ್ದು ಇನ್ನೂ ತಡವಾಗಿ. ಇಟಲಿಯ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೋಲಾ ಟೆಸ್ಲಾ 1888ರಲ್ಲಿ ಪರಸ್ಪರ ಸಂಬಂಧವಿಲ್ಲದೆ ಅದರ ತತ್ತ್ವವನ್ನು ಪ್ರಕಟಿಸಿದರು. 1889ರಲ್ಲಿ ಡೊಲಿವೊ-ಡೊಬ್ರೊವೊಲ್ಸ್ಕಿ ಅದಕ್ಕೆ ಇಂದಿಗೂ ಉಳಿದುಬಂದಿರುವ ಮೂರು ಫೇಸಿನ ರೂಪವನ್ನು ಕೊಟ್ಟನು. ಮೈಸೂರು ಸಂಸ್ಥಾನ ಈ ವಿದ್ಯೆಯನ್ನು ಬಹುಬೇಗ ಬರಮಾಡಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದಿತು. ಗಣಿಯ ಯಂತ್ರಗಳಿಗೆ ದೊರೆತದ್ದು ಹೊಲದ ಬಾವಿಗೆ ದೊರೆಯಲು ಮತ್ತೆ ಅರ್ಧ ಶತಮಾನವೇ ಹಿಡಿಯಿತೆನ್ನಬಹುದು.

ಮೋಟಾರಿನ ಮೂಲತತ್ತ್ವ ಒಂದೇ ವಾಕ್ಯದ್ದು. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ ಹರಿದರೆ ಆ ತಂತಿ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಈ ತಳ್ಳನ್ನು ಎಡೆಬಿಡದ ಸುತ್ತನ್ನಾಗಿ ಮಾಡುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ಇದಕ್ಕೆ ಬೀಸುವ ಕಲ್ಲಿನ ನೆನಪು ಸಹಾಯಕ್ಕೆ ಬರುತ್ತದೆ. ಇಬ್ಬರು ಹೆಂಗಸರು ಎದುರುಬದುರು ಕುಳಿತು ಒಂದೇ ಗೂಟವನ್ನು ಹಿಡಿದು ರಾಗಿ ಬೀಸುವಾಗ ಒಬ್ಬಳ ತಳ್ಳು ಮುಗಿಯುವಲ್ಲಿ ಇನ್ನೊಬ್ಬಳ ಎಳೆತ ಮೊದಲಾಗುತ್ತದೆ. ಕಲ್ಲು ನಿಲ್ಲದೆ ಸುತ್ತುವುದು ಬಲದ ಹೆಚ್ಚಳದಿಂದಲ್ಲ, ಬಲವನ್ನು ಕೈಯಿಂದ ಕೈಗೆ ದಾಟಿಸುವ ಸರದಿಯಿಂದ. ಕಲ್ಲಿನ ಸುತ್ತ ಸಮಾನ ಅಂತರದಲ್ಲಿ ಮೂವರು ಕುಳಿತಿದ್ದಾರೆಂದು ಭಾವಿಸಿದರೆ ಮೂರು ಫೇಸಿನ ಮೋಟಾರಿನ ಚಿತ್ರ ದೊರೆಯುತ್ತದೆ. ಮೋಟಾರಿನ ಸ್ಟೇಟರ್ ಎಂಬ ಕದಲದ ಭಾಗದಲ್ಲಿ ಮೂರು ಗುಂಪು ಸುರುಳಿಗಳನ್ನು ವೃತ್ತದ ಮೂರನೆಯ ಒಂದರಷ್ಟು ಅಂತರದಲ್ಲಿ ಕೂರಿಸಿರುತ್ತಾರೆ. ಮೂರು ತಂತಿಗಳಲ್ಲಿ ಬರುವ ಪ್ರವಾಹವೂ ಒಂದಾದಮೇಲೊಂದು ಏರಿ ಇಳಿಯುತ್ತದೆ. ಹೀಗಾಗಿ ಯಾವ ಸುರುಳಿಯೂ ಜಾಗ ಬಿಟ್ಟು ಕದಲದಿದ್ದರೂ ಅವುಗಳ ಒಟ್ಟು ಕಾಂತಕ್ಷೇತ್ರ ಮಾತ್ರ ಸುತ್ತತೊಡಗುತ್ತದೆ. ತಿರುಗುವ ವಸ್ತುವಿಲ್ಲದ ತಿರುಗಾಟ ಇದು. ಟೆಸ್ಲಾ ಮತ್ತು ಫೆರಾರಿಸರ ಶೋಧದ ತಿರುಳೂ ಇದೇ.

ಒಳಗಿರುವ ರೋಟರಿಗೆ ಹೊರಗಿನಿಂದ ಯಾವ ತಂತಿಯ ಸಂಪರ್ಕವೂ ಇಲ್ಲ ಎಂಬುದು ಗಮನಾರ್ಹ. ಅದು ಕಬ್ಬಿಣದ ತಗಡುಗಳ ನಡುವೆ ತಾಮ್ರದ ಇಲ್ಲವೆ ಅಲ್ಯೂಮಿನಿಯಮ್ಮಿನ ಸರಳುಗಳನ್ನಿಟ್ಟು ಎರಡು ತುದಿಗಳಲ್ಲಿ ಬಳೆಗಳಿಂದ ಬೆಸೆದ ಪಂಜರ. ಪಠ್ಯಪುಸ್ತಕಗಳು ಇದನ್ನು ಅಳಿಲು ಪಂಜರ ಎಂದು ಕರೆಯುತ್ತವೆ. ಸುತ್ತುವ ಕ್ಷೇತ್ರ ಈ ಸರಳುಗಳನ್ನು ಹಾಯ್ದುಹೋಗುವಾಗ ಅವುಗಳಲ್ಲಿ ತಾನೇ ಪ್ರವಾಹ ಹುಟ್ಟುತ್ತದೆ; ಹುಟ್ಟಿದ ಪ್ರವಾಹ ಅದೇ ಕ್ಷೇತ್ರದಿಂದ ತಳ್ಳಿಸಿಕೊಂಡು ರೋಟರು ಅದರ ಬೆನ್ನು ಹತ್ತುತ್ತದೆ. ಆದರೆ ಎಂದಿಗೂ ಅದನ್ನು ಹಿಡಿಯಲಾರದು. ಹಿಡಿದುಬಿಟ್ಟರೆ ಕ್ಷೇತ್ರ ಸರಳುಗಳನ್ನು ಹಾಯುವುದು ನಿಂತು ಪ್ರವಾಹವೂ ಬಲವೂ ಇಲ್ಲವಾಗುತ್ತವೆ. ಸೆಕೆಂಡಿಗೆ 50 ಆವರ್ತದ ವಿದ್ಯುತ್ತಿನಲ್ಲಿ ಎರಡು ಧ್ರುವಗಳ ಮೋಟಾರಿನ ಕ್ಷೇತ್ರ ನಿಮಿಷಕ್ಕೆ 3000 ಸುತ್ತು ಸುತ್ತಿದರೆ ಹೊರೆಹೊತ್ತ ರೋಟರು ಸುಮಾರು 2880 ಸುತ್ತಿನಲ್ಲಿ ಹಿಂದೆ ಬೀಳುತ್ತದೆ. ಈ ಹಿನ್ನಡೆಯೇ ಮೋಟಾರಿನ ಜೀವ. ಹೊರೆ ಹೆಚ್ಚಿದಂತೆ ಹಿನ್ನಡೆ ಹೆಚ್ಚುತ್ತದೆ, ಹಿನ್ನಡೆ ಹೆಚ್ಚಿದಂತೆ ಪ್ರವಾಹ ಹೆಚ್ಚುತ್ತದೆ.

ಈ ಕೊನೆಯ ಮಾತನ್ನು ಹಿಡಿದು ಬಾವಿಕಟ್ಟೆಯ ಒಂದು ಮಾತನ್ನು ಪರೀಕ್ಷಿಸಬಹುದು. ಬೇಸಿಗೆಯಲ್ಲಿ ದೀಪ ಮಂಕಾಗಿ ಮೋಟಾರು ಗುಂಯ್ ಎನ್ನತೊಡಗಿದಾಗ ‘ಕರೆಂಟು ಕಡಿಮೆ ಬರುತ್ತಿದೆ’ ಎನ್ನುವುದು ರೂಢಿ. ಕಾಲುವೆಯಲ್ಲಿ ನೀರು ಕಡಿಮೆಯಾಯಿತು ಎಂಬುದರ ಜಾಡಿನಲ್ಲೇ ಹುಟ್ಟಿದ ಮಾತಿದು. ದೀಪದ ಮಟ್ಟಿಗೆ ಸರಿಯೂ ಹೌದು. ಮೋಟಾರಿನ ಮಟ್ಟಿಗೆ ಸ್ಥಿತಿ ನೇರ ತಲೆಕೆಳಗು. ಕಡಿಮೆಯಾದದ್ದು ವೋಲ್ಟೇಜು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 415 ವೋಲ್ಟಿನ ಜಾಗದಲ್ಲಿ 332 ವೋಲ್ಟು ಬಂದರೆ, ಅಂದರೆ ನೂರಕ್ಕೆ 80 ಮಾತ್ರ ಬಂದರೆ, ಬಲ ನೂರಕ್ಕೆ 64ಕ್ಕೆ ಕುಸಿಯುತ್ತದೆ. ಎತ್ತಬೇಕಾದ ನೀರಿನ ಆಳವಾದರೋ ಕಡಿಮೆಯಾಗಿಲ್ಲ. ರೋಟರು ಇನ್ನಷ್ಟು ಹಿಂದೆ ಬಿದ್ದು ತಂತಿಯಿಂದ ಹೆಚ್ಚು ಕರೆಂಟನ್ನು ಎಳೆಯುತ್ತದೆ. ತಿರುಗಲಾರದೆ ನಿಂತೇಬಿಟ್ಟರೆ ಸುರುಳಿಗಳಲ್ಲಿ ಹರಿಯುವುದು ಮಾಮೂಲಿನ ಐದಾರು ಪಟ್ಟು. ಕರೆಂಟು ಕಡಿಮೆ ಎಂದುಕೊಂಡು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುವ ಹೊತ್ತಿನಲ್ಲಿ ಮೋಟಾರು ಕರೆಂಟು ಹೆಚ್ಚಾಗಿಯೇ ಸುಡುತ್ತಿರುತ್ತದೆ. ಒಂದು ಪದದ ಬಳಕೆ ರೈತನಿಗೆ ಒಂದು ವೈಂಡಿಂಗಿನ ಖರ್ಚನ್ನು ತರುತ್ತದೆಂದರೆ ಅದು ಕೇವಲ ಪರಿಭಾಷೆಯ ಸಮಸ್ಯೆಯಾಗಿ ಉಳಿಯುವುದಿಲ್ಲ.

ಇದಕ್ಕೆ ಪ್ರತಿಯಾಗಿ ‘ಎರಡು ಫೇಸಿನಲ್ಲಿ ಓಡಿ ಸುಟ್ಟಿತು’ ಎಂಬ ಮಾತು ಪೂರ್ಣ ಸತ್ಯ. ಫ್ಯೂಸು ಹಾರಿಯೋ ಕಂಬದ ಮೇಲಿನ ತಂತಿ ಕಡಿದೋ ಮೂರರಲ್ಲಿ ಒಂದು ಫೇಸು ತಪ್ಪಿದರೆ, ಓಡುತ್ತಿರುವ ಮೋಟಾರು ಕೂಡಲೇ ನಿಲ್ಲುವುದಿಲ್ಲ. ಉಳಿದೆರಡು ತಂತಿಗಳಲ್ಲಿ ಸುಮಾರು 1.7 ಪಟ್ಟು ಪ್ರವಾಹ ಎಳೆದು ಅದು ನರಳುತ್ತ ಓಡುತ್ತದೆ. ಆದರೆ ನಿಂತ ಮೋಟಾರು ಎರಡು ತಂತಿಯಲ್ಲಿ ಮೊದಲಾಗದು. ಬೀಸುವ ಕಲ್ಲಿನ ಹೋಲಿಕೆ ಇಲ್ಲಿಯೂ ಹೊಂದುತ್ತದೆ. ಒಬ್ಬಳೇ ಹೆಂಗಸು ಗೂಟವನ್ನು ನೆಟ್ಟಗೆ ಹಿಂದಕ್ಕೂ ಮುಂದಕ್ಕೂ ಮಾತ್ರ ನೂಕುವಳಾದರೆ ಸುತ್ತುತ್ತಿರುವ ಕಲ್ಲು ಸುತ್ತಿಕೊಂಡಿದ್ದೀತು, ನಿಂತ ಕಲ್ಲು ಹೊರಳದು. ಪಕ್ಕದಿಂದ ಒಂದು ತಳ್ಳು ಬೇಕು. ಒಂದೇ ಫೇಸಿನ ಸಣ್ಣ ಮೋಟಾರುಗಳಲ್ಲಿ ಈ ಪಕ್ಕದ ತಳ್ಳನ್ನು ಕೊಡುವುದು ಹಳ್ಳಿಗಳಲ್ಲಿ ಕಂಡೆನ್ಸರ್ ಎಂದೇ ಪ್ರಸಿದ್ಧವಾದ ಕೆಪಾಸಿಟರು. ಅದು ಇನ್ನೊಂದು ಸುರುಳಿಯ ಪ್ರವಾಹವನ್ನು ತುಸು ಮುಂಚಿತಗೊಳಿಸಿ ಕೊರತೆಯ ಸರದಿಯನ್ನು ಒದಗಿಸುತ್ತದೆ. ಮೂರು ಫೇಸು ಇಲ್ಲದ ಹೊತ್ತಿನಲ್ಲಿ ದೊಡ್ಡ ಮೋಟಾರನ್ನೂ ಕಂಡೆನ್ಸರ್ ಕಟ್ಟಿ ಓಡಿಸುವ ರೂಢಿ ಇದೇ ತತ್ತ್ವದ ವಿಸ್ತರಣೆ. ತತ್ತ್ವವನ್ನು ಓದದೆಯೇ ಹಳ್ಳಿಯ ಕೆಲಸಗಾರರು ಅದನ್ನು ಕೈವಶ ಮಾಡಿಕೊಂಡರು; ಹಾಗೆ ಓಡಿದ ಮೋಟಾರಿನ ಸುರುಳಿಗಳಿಗೆ ಸಮಪಾಲು ದೊರೆಯದೆ ಅದು ಬೇಗ ಬಿಸಿಯೇರುವುದನ್ನೂ ಅವರೇ ಕಂಡುಕೊಂಡರು.

ಕಪಿಲೆಗೂ ಮೋಟಾರಿಗೂ ಇರುವ ದೊಡ್ಡ ಅಂತರ ಬಲದ್ದಲ್ಲ, ವೇಗದ್ದು. ಕಪಿಲೆಯ ವೇಗ ಹೊಡೆಯುವವನ ಕೈಯಲ್ಲೂ ಎತ್ತುಗಳ ಕಾಲಲ್ಲೂ ಇತ್ತು. ಬಾವಿಯ ಸೆಲೆ ಬತ್ತಿದರೆ ಎತ್ತುಗಳನ್ನು ನಿಧಾನಕ್ಕೆ ಬಿಡಬಹುದಾಗಿತ್ತು. ಪ್ರೇರಣ ಮೋಟಾರಿನ ವೇಗವನ್ನು ನಿಶ್ಚಯಿಸುವುದು ವಿದ್ಯುತ್ತಿನ ಆವರ್ತನ. ಶಿವನಸಮುದ್ರದ ವಿದ್ಯುತ್ತು ಆರಂಭದಲ್ಲಿ ಸೆಕೆಂಡಿಗೆ 25 ಆವರ್ತದ್ದಾಗಿತ್ತು. ಅದರಲ್ಲಿ ಎರಡು ಧ್ರುವಗಳ ಕ್ಷೇತ್ರ ನಿಮಿಷಕ್ಕೆ 1500ಕ್ಕಿಂತ ಹೆಚ್ಚು ಸುತ್ತಲಾರದು. 50 ಆವರ್ತದಲ್ಲಿ ಅದು 3000. ವೇಗದ ಲಗಾಮು ಬಾವಿಕಟ್ಟೆಯಿಂದ ವಿದ್ಯುದಾಗಾರಕ್ಕೆ ಹೋಯಿತು. ಅದನ್ನು ಬಾವಿಕಟ್ಟೆಗೆ ಮರಳಿಸಬೇಕಾದರೆ ಆವರ್ತನವನ್ನೇ ಅಲ್ಲಿ ಹೊಸದಾಗಿ ಹುಟ್ಟಿಸಬೇಕು. ಅರೆವಾಹಕ ಸ್ವಿಚ್ಚುಗಳು ಮಾಡುವ ಕೆಲಸ ಇದೇ.

ಸ್ವಿಚ್ಚೇ ಏಕೆ ಬೇಕು, ಹಳೆಯ ಫ್ಯಾನಿನ ರೆಗ್ಯುಲೇಟರಿನಂತೆ ತಡೆಯೊಡ್ಡಿ ಕಡಿಮೆ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಆ ರೆಗ್ಯುಲೇಟರಿನ ಡಬ್ಬಿ ಬಿಸಿಯಾಗುತ್ತಿದ್ದುದೇ ಇದಕ್ಕೆ ಉತ್ತರ. 600 ವೋಲ್ಟಿನ ಮೂಲದಿಂದ 10 ಆಂಪಿಯರ್ ಹರಿಯುವಾಗ ನಡುವಿನ ಸಾಧನವೊಂದು ಅರ್ಧ ವೋಲ್ಟೇಜನ್ನು ತಾನೇ ನುಂಗಿದರೆ ಅದರೊಳಗೆ 3000 ವ್ಯಾಟ್ ಶಾಖ ಹುಟ್ಟುತ್ತದೆ. ಅದೇ ಸಾಧನ ಪೂರ್ತಿ ತೆರೆದ ಸ್ಥಿತಿಯಲ್ಲಿ 2 ವೋಲ್ಟನ್ನು ಮಾತ್ರ ಉಳಿಸಿಕೊಂಡರೆ ಶಾಖ 20 ವ್ಯಾಟ್. ಪೂರ್ತಿ ಮುಚ್ಚಿದಾಗ ಪ್ರವಾಹವೇ ಇಲ್ಲದುದರಿಂದ ಶಾಖ ಇಲ್ಲವೆನ್ನುವಷ್ಟು ಕಡಿಮೆ. ಅರೆತೆರೆದ ಬಾಗಿಲೇ ಸುಡುವ ಬಾಗಿಲು. ಆದುದರಿಂದ ಪೂರ್ತಿ ತೆರೆ, ಪೂರ್ತಿ ಮುಚ್ಚು, ನಡುವಿನ ದಾರಿಯನ್ನು ಆದಷ್ಟು ಬೇಗ ದಾಟು ಎಂಬುದು ಈ ವಿದ್ಯೆಯ ನಿಯಮ.

ಹಾಗಾದರೆ ತೆರೆದು ಮುಚ್ಚುವ ತುಂಡುತುಂಡು ವಿದ್ಯುತ್ತಿನಿಂದ ಸಮನಾದ ಏರಿಳಿತ ದೊರೆಯುವುದು ಹೇಗೆ? ಕಪಿಲೆಯ ತೊಟ್ಟಿಯನ್ನು ನೆನೆಯಬಹುದು. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ತೊಗಲಿನ ಚೀಲ ಮೇಲೆ ಬಂದು ನೀರನ್ನು ಒಮ್ಮೆಲೇ ಸುರಿಯುತ್ತದೆ. ಎತ್ತುಗಳು ಹಿಂದಕ್ಕೆ ಏರುವಷ್ಟು ಹೊತ್ತು ಏನೂ ಬೀಳದು. ಆದರೂ ತೊಟ್ಟಿಯ ಬಾಯಿಂದ ಕಾಲುವೆಗೆ ಹರಿಯುವ ನೀರು ಹೆಚ್ಚುಕಡಿಮೆ ಒಂದೇ ಸಮ. ಮೋಟಾರಿನ ಸುರುಳಿಗಳಿಗೆ ಇಂತಹ ತೊಟ್ಟಿಯ ಗುಣವಿದೆ. ಅವುಗಳಲ್ಲಿ ಹರಿಯುವ ಪ್ರವಾಹ ಥಟ್ಟನೆ ಏರಲಾರದು, ಥಟ್ಟನೆ ಇಳಿಯಲಾರದು. ಡ್ರೈವ್ ಅಥವಾ ಇನ್ವರ್ಟರ್ ಎಂದು ಕರೆಯುವ ಪೆಟ್ಟಿಗೆಯಲ್ಲಿ ಮೊದಲು ಡಯೋಡುಗಳು 415 ವೋಲ್ಟಿನ ಏರಿಳಿತದ ವಿದ್ಯುತ್ತನ್ನು 560 ವೋಲ್ಟಿಗೂ ಮೇಲ್ಪಟ್ಟ ಏಕಮುಖ ವಿದ್ಯುತ್ತನ್ನಾಗಿ ಮಾಡುತ್ತವೆ. ಬಳಿಕ ಎರಡೆರಡರ ಮೂರು ಜೋಡಿಗಳಲ್ಲಿರುವ ಆರು ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ಅದನ್ನು ತುಂಡರಿಸುತ್ತವೆ. ತುಂಡುಗಳನ್ನು ಕ್ರಮವಾಗಿ ಅಗಲಗೊಳಿಸಿ ಕಿರಿದುಗೊಳಿಸಿದರೆ ಸುರುಳಿಯಲ್ಲಿ ಮೆಲ್ಲನೆ ಏರಿ ಇಳಿಯುವ ಪ್ರವಾಹ ಮೂಡುತ್ತದೆ. ಈ ಏರಿಳಿತ ಸೆಕೆಂಡಿಗೆ 50 ಸಲವೂ ಆಗಬಹುದು, 30 ಸಲವೂ ಆಗಬಹುದು. ಆವರ್ತನವನ್ನು ಇಳಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು, ಇಲ್ಲವಾದರೆ ಕಬ್ಬಿಣ ತನ್ನ ಮಿತಿಗಿಂತ ಹೆಚ್ಚು ಕಾಂತೀಯವಾಗಿ ಕಾಯುತ್ತದೆ. ಒಂದು ಜೋಡಿಯ ಎರಡೂ ಸ್ವಿಚ್ಚುಗಳು ಅಪ್ಪಿತಪ್ಪಿಯೂ ಏಕಕಾಲಕ್ಕೆ ತೆರೆಯಕೂಡದು. ತೆರೆದರೆ ಏಕಮುಖ ವಿದ್ಯುತ್ತಿನ ಎರಡು ತುದಿಗಳು ನೇರ ಕೂಡಿ ಕ್ಷಣಾರ್ಧದಲ್ಲಿ ಸ್ವಿಚ್ಚುಗಳು ಸಿಡಿಯುತ್ತವೆ. ಅದಕ್ಕಾಗಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ನಡುವೆ ಕೆಲವು ಮೈಕ್ರೋಸೆಕೆಂಡುಗಳ ಬಿಡುವನ್ನು ಇಟ್ಟಿರುತ್ತಾರೆ.

ಸೆಕೆಂಡಿಗೆ ಸಾವಿರಾರು ಸಲ ಬಡಿಯುವ ಕೆಲಸ ಲೋಹದ ಸ್ವಿಚ್ಚಿನಿಂದ ಆಗದು. ಸಿಲಿಕಾನ್ ಎಂಬ ಅರೆವಾಹಕದ ಮಹತ್ವ ಇರುವುದು ಇಲ್ಲಿಯೇ. ಶುದ್ಧ ಸಿಲಿಕಾನಿಗೆ ಫಾಸ್ಫರಸ್ಸಿನಂತಹ ಅನ್ಯವಸ್ತುವನ್ನು ಅತ್ಯಲ್ಪ ಬೆರೆಸಿದರೆ ಹರಿದಾಡುವ ಎಲೆಕ್ಟ್ರಾನುಗಳು ಮಿಗುತ್ತವೆ. ಬೋರಾನಿನಂತಹದನ್ನು ಬೆರೆಸಿದರೆ ಎಲೆಕ್ಟ್ರಾನಿನ ತೆರವುಗಳು ಉಂಟಾಗುತ್ತವೆ. ಎನ್ ಮತ್ತು ಪಿ ಎಂಬ ಈ ಎರಡು ಬಗೆಗಳು ಕೂಡುವ ಸಂಧಿ ಒಂದೇ ದಿಕ್ಕಿಗೆ ದಾರಿ ಬಿಡುತ್ತದೆ. ಡಯೋಡು ಎಂದರೆ ಇಷ್ಟೇ. 1947ರಲ್ಲಿ ಟ್ರಾನ್ಸಿಸ್ಟರು ಬಂದಿತು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ನಾಲ್ಕು ಪದರಗಳ ಥೈರಿಸ್ಟರನ್ನು ಹೊರತಂದಿತು. ಇದು ಬೀಗ ಬೀಳುವ ಬಾಗಿಲಿನಂತಹುದು. ಒಂದು ಸಣ್ಣ ಮಿಡಿತದಿಂದ ತೆರೆದರೆ ಆಮೇಲೆ ಕೈತೆಗೆದರೂ ಅದು ತೆರೆದೇ ಇರುತ್ತದೆ. ಹರಿವು ತಾನಾಗಿ ಬತ್ತಿದಾಗ ಮಾತ್ರ ಮುಚ್ಚುತ್ತದೆ. ಏರಿಳಿತದ ವಿದ್ಯುತ್ತು ಪ್ರತಿ ಅರ್ಧ ಆವರ್ತಕ್ಕೊಮ್ಮೆ ಸೊನ್ನೆಗೆ ಬರುವುದರಿಂದ ಅಲ್ಲಿ ಅಡ್ಡಿಯಿಲ್ಲ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಇದರ ಬಳಗದ್ದೇ ಆದ ಟ್ರಯಾಕ್ ಇರುತ್ತದೆ. ಏಕಮುಖ ವಿದ್ಯುತ್ತನ್ನು ತುಂಡರಿಸುವ ಕೆಲಸಕ್ಕೆ ಬೇಕೆಂದಾಗ ಮುಚ್ಚಲಾರದ ಬಾಗಿಲು ಸುಲಭಕ್ಕೆ ಒದಗುವುದಿಲ್ಲ.

ಬೆಲ್ ಪ್ರಯೋಗಾಲಯದ ಅಟಲ್ಲಾ ಮತ್ತು ಕಾಂಗ್ 1959ರಲ್ಲಿ ರೂಪಿಸಿದ ಮಾಸ್‌ಫೆಟ್ ಬೇರೆ ಬಗೆಯದು. ಅದರ ಗೇಟು ಗಾಜಿನಂತಹ ತೆಳು ಆಕ್ಸೈಡ್ ಪದರದಿಂದ ಬೇರ್ಪಟ್ಟಿರುತ್ತದೆ. ಗೇಟಿಗೆ ವೋಲ್ಟೇಜು ಕೊಟ್ಟರೆ ಕೆಳಗೆ ಎಲೆಕ್ಟ್ರಾನುಗಳು ನೆರೆದು ಕಾಲುವೆಯೊಂದು ಮೂಡುತ್ತದೆ, ತೆಗೆದರೆ ಅಳಿಯುತ್ತದೆ. ಗೇಟಿನೊಳಕ್ಕೆ ಪ್ರವಾಹವನ್ನು ಸತತ ಊಡಬೇಕಾಗಿಲ್ಲ. ತೆರೆಯುವಾಗ ಮುಚ್ಚುವಾಗ ತುಸು ತುಂಬಿ ಬರಿದುಮಾಡಿದರೆ ಸಾಕು. ಆದರೆ ನೂರಾರು ವೋಲ್ಟನ್ನು ತಡೆಯಬೇಕಾದರೆ ಒಳಗಿನ ಪದರ ದಪ್ಪವೂ ವಾಹಕಗಳು ವಿರಳವೂ ಆಗಿರಬೇಕು. ಆಗ ತೆರೆದ ಸ್ಥಿತಿಯಲ್ಲೇ ಅದು ತಡೆಯೊಡ್ಡಿ ಕಾಯುತ್ತದೆ. ಹಳೆಯ ಬಗೆಯ ಟ್ರಾನ್ಸಿಸ್ಟರಿಗೆ ಈ ದೋಷ ಕಡಿಮೆ. ಅದಕ್ಕಾದರೋ ತೆರೆದಿರುವಷ್ಟು ಹೊತ್ತೂ ದೊಡ್ಡ ಪ್ರವಾಹವನ್ನು ಊಡಬೇಕು.

ಈ ಎರಡರ ಒಳ್ಳೆಯ ಗುಣಗಳನ್ನು ಒಂದರಲ್ಲೇ ಕೂಡಿಸಿದ ಸಾಧನ ಐಜಿಬಿಟಿ. ಇದರ ಕಥೆ ಬೆಂಗಳೂರನ್ನು ಹಾದುಹೋಗುತ್ತದೆ. ಇದನ್ನು 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರೂಪಿಸಿ ಬಳಕೆಗೆ ತಂದ ಬಿ. ಜಯಂತ್ ಬಾಳಿಗಾ ಅವರು 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. ತಂದೆ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಶಿವನಸಮುದ್ರಕ್ಕೆ 1902ರಲ್ಲಿ ವಿದ್ಯುತ್ ಯಂತ್ರಗಳನ್ನು ಕಳುಹಿಸಿದ್ದೂ ಇದೇ ಜನರಲ್ ಎಲೆಕ್ಟ್ರಿಕ್ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಸ್ಮರಿಸಬಹುದು. ಇದೇ ಕಾಲದಲ್ಲಿ ಅಮೆರಿಕದ ಮತ್ತು ಜಪಾನಿನ ಇತರರೂ ಈ ದಿಕ್ಕಿನಲ್ಲಿ ದುಡಿದಿದ್ದರು. ಬಾಳಿಗಾ ಅವರಿಗೆ 2014ರಲ್ಲಿ ಐಇಇಇ ಗೌರವ ಪದಕವೂ 2024ರಲ್ಲಿ ಫಿನ್ಲೆಂಡಿನ ಮಿಲೇನಿಯಮ್ ತಂತ್ರಜ್ಞಾನ ಪ್ರಶಸ್ತಿಯೂ ಸಂದಿವೆ. ಐಜಿಬಿಟಿಯ ಯುಕ್ತಿ ಹೀಗಿದೆ: ಮೇಲ್ಗಡೆ ಮಾಸ್‌ಫೆಟ್ಟಿನ ಗೇಟು, ಕೆಳಗಡೆ ಒಂದು ಹೆಚ್ಚಿನ ಪಿ ಪದರ. ಗೇಟು ಕಾಲುವೆಯನ್ನು ತೆರೆದೊಡನೆ ಈ ಪಿ ಪದರ ನಡುವಿನ ದಪ್ಪ ಪದರಕ್ಕೆ ತೆರವುಗಳನ್ನು ಸುರಿಯುತ್ತದೆ. ವಾಹಕಗಳು ವಿರಳವಾಗಿದ್ದ ಪದರ ಅವುಗಳಿಂದ ಕಿಕ್ಕಿರಿದು ತಡೆ ಇಳಿಯುತ್ತದೆ. ಮುಚ್ಚುವಾಗ ಈ ನೆರವಿ ಚದುರಲು ತುಸು ಹೊತ್ತು ಬೇಕಾಗುವುದರಿಂದ ಮಾಸ್‌ಫೆಟ್ಟಿನಷ್ಟು ಚುರುಕು ಇದಕ್ಕಿಲ್ಲ. ಪಂಪು, ಲಿಫ್ಟು, ರೈಲುಗಳ ಮೋಟಾರಿಗೆ ಇದರ ಚುರುಕು ಸಾಕಾಗುತ್ತದೆ. ಚಿಕ್ಕ ವೋಲ್ಟೇಜಿನ ವಿದ್ಯುತ್ ಸ್ಕೂಟರುಗಳಲ್ಲಿ ಮಾಸ್‌ಫೆಟ್ಟೇ ಸಾಮಾನ್ಯ. ಹೊಸ ಕಾರುಗಳಿಗೆ ಸಿಲಿಕಾನ್ ಕಾರ್ಬೈಡಿನ ಸ್ವಿಚ್ಚುಗಳು ಬರುತ್ತಿವೆ.

ಈ ಸ್ವಿಚ್ಚುಗಳು ಬಾವಿಕಟ್ಟೆಗೆ ಬಂದದ್ದು ಹೆಚ್ಚಾಗಿ ಸೌರ ಪಂಪುಗಳ ಮೂಲಕ. ಕೇಂದ್ರ ಸರ್ಕಾರದ ಕುಸುಮ್ ಯೋಜನೆ 2019ರಲ್ಲಿ ಆರಂಭವಾಯಿತು. ಸೌರಫಲಕ ಕೊಡುವುದು ಏಕಮುಖ ವಿದ್ಯುತ್ತು. ಅದರಿಂದ ಮೂರು ಫೇಸನ್ನು ಡ್ರೈವ್ ಸ್ಥಳದಲ್ಲೇ ಹುಟ್ಟಿಸುತ್ತದೆ. ಮೋಡ ಮುಸುಕಿದರೆ ಮೋಟಾರು ನಿಲ್ಲುವ ಬದಲು ನಿಧಾನಿಸುತ್ತದೆ. ಪಂಪಿನ ಹೊರೆ ಸುಮಾರಾಗಿ ವೇಗದ ಘನಕ್ಕೆ ಅನುಗುಣವಾದ್ದರಿಂದ ನೂರಕ್ಕೆ 80ರ ವೇಗಕ್ಕೆ ಅರ್ಧದಷ್ಟು ಶಕ್ತಿ ಸಾಕು. ಆದರೆ ಕೊಳವೆಬಾವಿ ಆಳವಾಗಿದ್ದರೆ ಒಂದು ವೇಗಕ್ಕಿಂತ ಕೆಳಗೆ ಮೋಟಾರು ತಿರುಗುತ್ತಿದ್ದರೂ ನೀರು ಮೇಲೆ ಬರುವುದಿಲ್ಲ. ಬೆಳಗಿನ ಹೊತ್ತು ಪಂಪು ಸದ್ದು ಮಾಡಿಯೂ ಪೈಪು ಒಣಗಿರುವುದಕ್ಕೆ ಇದು ಕಾರಣ, ಯಂತ್ರದ ದೋಷವಲ್ಲ.

ಲಾಭವೊಂದೇ ಬಂದಿತೆನ್ನಲಾಗದು. ಸುಟ್ಟ ಮೋಟಾರನ್ನು ರಿವೈಂಡಿಂಗ್ ಅಂಗಡಿಯವರು ಬಿಚ್ಚಿ, ಹಳೆಯ ಸುರುಳಿಯ ಸುತ್ತುಗಳನ್ನು ಎಣಿಸಿ, ತಂತಿಯ ಗೇಜನ್ನು ಅಳೆದು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಎಂಬುದನ್ನು ಗುರುತುಹಾಕಿಕೊಂಡು ಹೊಸದನ್ನು ಕಟ್ಟಬಲ್ಲರು. ಕಣ್ಣಿಗೆ ಕಾಣುವುದನ್ನು ಕೈ ಕಲಿಯುತ್ತದೆ. ಐಜಿಬಿಟಿ ಮುಚ್ಚಿದ ಪ್ಲಾಸ್ಟಿಕ್ಕಿನೊಳಗಿನ ವಸ್ತು. ಅದನ್ನು ಬಿಚ್ಚಿ ನೋಡಿ ಕಲಿಯಲಾಗದು. ಜೊತೆಗೆ ಸ್ವಿಚ್ಚುಗಳ ಕಡಿದಾದ ಬಡಿತ ಹಳೆಯ ಮೋಟಾರಿನ ಸುರುಳಿಗಳಿಗೆ ಹೊಸ ಹಿಂಸೆಯಾಗುತ್ತದೆ. ಡ್ರೈವಿನಿಂದ ಕೊಳವೆಬಾವಿಯ ತಳದ ಮೋಟಾರಿಗೆ ನೂರು ಇನ್ನೂರು ಮೀಟರು ಕೇಬಲ್ ಇಳಿದಿದ್ದರೆ, ವೋಲ್ಟೇಜಿನ ಅಲೆ ಮೋಟಾರಿನ ತುದಿಯಲ್ಲಿ ಪ್ರತಿಫಲಿಸಿ ಹೆಚ್ಚುಕಡಿಮೆ ಇಮ್ಮಡಿಯಾಗಿ ಮೊದಲ ಕೆಲವು ಸುತ್ತುಗಳ ಹೊದಿಕೆಯನ್ನು ಹರಿಯಬಲ್ಲದು. ಡ್ರೈವಿನ ಬಾಯಲ್ಲಿ ಫಿಲ್ಟರನ್ನು ಕೂರಿಸುವುದೂ ಗಟ್ಟಿ ಹೊದಿಕೆಯ ತಂತಿಯನ್ನು ಬಳಸುವುದೂ ಇದಕ್ಕಿರುವ ಪರಿಹಾರಗಳು. ಸುರುಳಿ ಒಂದೇ ಕಡೆ, ಅದರ ಮೊದಲ ಸುತ್ತುಗಳಲ್ಲಿ ಮಾತ್ರ ಸುಟ್ಟಿದ್ದರೆ ಇದನ್ನು ಶಂಕಿಸಬೇಕು.

ಹಾಗೆಂದು ಅಂಗಡಿಯ ವಿದ್ಯೆ ಇಲ್ಲಿಗೆ ಪೂರ್ತಿ ನಿಂತುಹೋಗಬೇಕಾಗಿಲ್ಲ. ಆರು ಐಜಿಬಿಟಿಗಳಿಗೂ ಒಂದೊಂದು ಡಯೋಡನ್ನು ಬೆನ್ನಿಗೆ ಕಟ್ಟಿರುತ್ತಾರೆ. ಸ್ವಿಚ್ಚು ಮುಚ್ಚಿದಾಗಲೂ ಸುರುಳಿಯ ಪ್ರವಾಹ ಹರಿದುಹೋಗಲು ಬಿಟ್ಟ ದಾರಿ ಅದು. ವಿದ್ಯುತ್ತನ್ನು ಕಡಿದು, ಒಳಗಿನ ದೊಡ್ಡ ಕೆಪಾಸಿಟರು ಪೂರ್ತಿ ಬರಿದಾಗಿರುವುದನ್ನು ಅಳೆದು ಖಚಿತಪಡಿಸಿಕೊಂಡು, ಮೋಟಾರಿನ ಮೂರು ತಂತಿಗಳನ್ನು ಬಿಡಿಸಿದ ಬಳಿಕ ಸಾಮಾನ್ಯ ಮಲ್ಟಿಮೀಟರಿನಿಂದಲೇ ಈ ಆರನ್ನೂ ಹೊರಗಿನಿಂದ ಪರೀಕ್ಷಿಸಬಹುದು. ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನ ಆಸುಪಾಸು, ಇನ್ನೊಂದು ದಿಕ್ಕಿನಲ್ಲಿ ಏನೂ ಇಲ್ಲದಿದ್ದರೆ ಆ ಜಾಗ ಬಹುತೇಕ ಸುಸ್ಥಿತಿಯಲ್ಲಿದೆ ಎಂದರ್ಥ. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಅಲ್ಲಿನ ಸ್ವಿಚ್ಚು ಸುಟ್ಟಿದೆ. ರಿವೈಂಡಿಂಗ್ ಅಂಗಡಿಗಳ ಟಿಪ್ಪಣಿ ಪುಸ್ತಕಗಳು ಕಪಿಲೆಯ ಪದಗಳಷ್ಟೇ ಸಂಗ್ರಹಯೋಗ್ಯವಾದವು. ಸುತ್ತು, ಗೇಜು, ಸ್ಲಾಟುಗಳ ಲೆಕ್ಕದ ಪಕ್ಕದಲ್ಲಿ ಈ ಆರು ಅಳತೆಗಳಿಗೂ ಒಂದು ಸಾಲು ದೊರೆಯುತ್ತಿದೆಯೇ ಎಂಬುದನ್ನು ಕ್ಷೇತ್ರಕಾರ್ಯಕ್ಕೆ ಹೋಗುವವರು ಗಮನಿಸತಕ್ಕದ್ದಾಗಿದೆ.